ಹೆಗಲಿನ ಜೇಬು

ಜೂನ್ ೨

ಅಣ್ಣಾ,

ತಲುಪಿದೆವು. ನಿನಗೆ ಬೇಕಾದ ಸುದ್ದಿ ಮೊದಲು: ಮೊಂಡ ಚೆನ್ನಾಗಿದ್ದಾನೆ. ಅತ್ತಿಗೆಗೆ ಬೇಕಾದ ಸುದ್ದಿ ಆಮೇಲೆ: ನಾನೂ ಚೆನ್ನಾಗಿದ್ದೇನೆ. ವಿಮಾನದಲ್ಲಿ ಹನ್ನೊಂದು ಗಂಟೆ ಕುದುರೆಗಳ ಪಕ್ಕದಲ್ಲೇ ಕೂತಿದ್ದೆ. ಉಳಿದವೆಲ್ಲ ಬೆವೆತು ನಡುಗುತ್ತಿದ್ದರೆ ನಮ್ಮ ಮಹಾರಾಯ ನಿಂತಲ್ಲೇ ನಿದ್ದೆ ಹೊಡೆದ. ಇಳಿದ ತಕ್ಷಣ ಮಾಡಿದ ಮೊದಲ ಘನಕಾರ್ಯ, ಸ್ವಾಗತಕ್ಕೆ ಬಂದ ಅಧಿಕಾರಿಯ ಟೋಪಿ ಕಚ್ಚಿದ್ದು. ಮೊಂಡ ಎಂದು ಹೆಸರಿಟ್ಟವನು ನೀನು, ಅನುಭವಿಸುವವಳು ನಾನು.

ಲಾಯ ನೋಡಿದರೆ ನೀನು ಇಲ್ಲೇ ಹಾಸಿಗೆ ಹಾಕಿಕೊಂಡು ಬಿಡುತ್ತೀಯ. ಒಂದೊಂದು ಕುದುರೆಗೂ ನಮ್ಮ ಅಡುಗೆಮನೆಗಿಂತ ದೊಡ್ಡ ಕೋಣೆ. ನೆಲಕ್ಕೆ ರಬ್ಬರು, ಮೇಲೆ ಫ್ಯಾನು. ನಮಗೆ ಮಾತ್ರ ಒಂದು ಕೋಣೆಗೆ ಇಬ್ಬರು. ನನ್ನ ಜೊತೆಗಿರುವವಳು ದೂರದೋಟದ ಓಟಗಾರ್ತಿ, ಬಾಗಿಲಷ್ಟು ಎತ್ತರ. ನಾನು ಪಕ್ಕದಲ್ಲಿ ನಿಂತರೆ ಅವಳ ಕೈಚೀಲದ ಹಾಗೆ ಕಾಣುತ್ತೇನೆ.

ಸಂಜೆಯಾದರೆ ಎಲ್ಲರೂ ಫೋನಿನ ಮುಂದೆ ಸಾಲು ನಿಲ್ಲುತ್ತಾರೆ. ನಾನು ಪೆನ್ನು ಹಿಡಿದು ಕೂರುತ್ತೇನೆ. "ಯಾರಿಗೇ ಇಷ್ಟುದ್ದ ಬರೀತೀಯ? ಪ್ರೇಮಪತ್ರಾನಾ?" ಎಂದಳು ಓಟಗಾರ್ತಿ. ನಮ್ಮಣ್ಣನಿಗೆ ಹತ್ತೊಂಬತ್ತರಲ್ಲಿ ಕುದುರೆ ಒದ್ದು ಕಿವಿ ಹೋಯಿತು, ಮಾತು ತುಟಿ ನೋಡಿ ತಿಳಿಯುತ್ತಾನೆ, ಫೋನಿನಲ್ಲಿ ತುಟಿ ಕಾಣಿಸುವುದಿಲ್ಲ ಎಂದೆ. ಕುದುರೆ ಒದ್ದ ಮೇಲೂ ಕುದುರೆ ಕೆಲಸಾನೇ ಮಾಡ್ತಾರಾ ಎಂದು ಕಣ್ಣರಳಿಸಿದಳು. ಅದೇ ಕೆಲಸ ಮಾಡಿ ನನ್ನನ್ನು ಸಾಕಿದ, ಅಪ್ಪ ಅಮ್ಮ ಎರಡೂ ಅವನೇ ಎಂದೆ. 

ಇಲ್ಲಿ ಬೇರೆ ಆಟದವರಿಗೆ ನಮ್ಮನ್ನು ಕಂಡರೆ ತಮಾಷೆ. ಊಟದ ಸಾಲಿನಲ್ಲಿ ಒಬ್ಬ ಈಜುಗಾರ, "ಓಡೋದು ಕುದುರೆ, ಹಾರೋದು ಕುದುರೆ, ಪದಕ ಮಾತ್ರ ನಿಮ್ಮ ಕೊರಳಿಗಾ? ಇದ್ಯಾವ ನ್ಯಾಯ ರೀ? ನಿಮ್ಮನ್ನ ಈ ಕ್ರೀಡಾಕೂಟಕ್ಕೆ ಸೇರಿಸಿದೋರ್ಯಾರು?" ಎಂದ. ನಿನ್ನನ್ನ ನೀರು ತೇಲಿಸುತ್ತಲ್ಲ, ಪದಕ ನೀರಿಗೆ ಕೊಡ್ತೀಯಾ ಎಂದೆ. ಸಾಲಿಗೆ ಸಾಲೇ ನಕ್ಕಿತು.

ಅತ್ತಿಗೆಗೆ ಹೇಳು, ಕೋಟು ಹಾಕಿಕೊಂಡಿದ್ದೆ. ಹೆಗಲ ಮೇಲೆ ಅವರು ಹೊಲಿದ ಜೇಬು ನೋಡಿ ಎಲ್ಲರೂ ಇದ್ಯಾವ ಫ್ಯಾಷನ್ ಎಂದು ಕೇಳುತ್ತಾರೆ.

ನಿನ್ನ ಗಿಡ್ಡಿ


ಜೂನ್ ೧೩

ಗಿಡ್ಡೀ,

ನಿನ್ನ ಕಾಗದ ಒಂಬತ್ತು ದಿನಕ್ಕೆ ಬಂತು. ನಿಮ್ಮತ್ತಿಗೆ ನನ್ನ ಕೈಯಿಂದ ಕಿತ್ತುಕೊಂಡು ಮೊದಲು ತಾನೇ ಓದಿದಳು. ಕೈಚೀಲದ ಹಾಗೆ ಎಂದು ಬರೆದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಮೂಗೊರೆಸಿಕೊಂಡು ಎದ್ದು ಹೋದಳು. ಅವಳ ಸಮಾಚಾರ ನಿನಗೆ ಗೊತ್ತೇ ಇದೆ. ಮೂರು ದಿನದ ಆಟದಲ್ಲಿ ಏನೇನು ಮಾಡುತ್ತೀರಿ ಎಂದು ಮತ್ತೆ ಕೇಳುತ್ತಿದ್ದಾಳೆ.

ಆ ಜೇಬಿನ ಕಥೆ ಕೇಳಿದವರಿಗೆ ಸರಿಯಾಗಿ ಹೇಳು, ಫ್ಯಾಷನ್ ಗೀಷನ್ ಅನ್ನಬೇಡ. ಮೊಂಡ ಮರಿಯಾಗಿದ್ದಾಗ ಹಗ್ಗ ಹಿಡಿದು ಓಡಿಸಿದರೆ ನೆಲ ಮೂಸುತ್ತಾ ನಿಂತುಬಿಡುತ್ತಿದ್ದ. ನನ್ನ ಅಂಗಿಯ ಎದೆಜೇಬಿಗೆ ಒಂದು ಕ್ಯಾರೆಟ್ ಸಿಕ್ಕಿಸಿಕೊಂಡೆ ನೋಡು, ಅದರ ಮೇಲೆ ಕಣ್ಣಿಟ್ಟು, ಕತ್ತು ಎತ್ತಿ, ಪಕ್ಕದಲ್ಲೇ ಓಡಿದ. ಎಂಟು ವರ್ಷದಿಂದ ಹಾಗೆಯೇ. ನಾನು ಉದ್ದ, ಎದೆಜೇಬು ಸಾಕು. ನೀನು ಗಿಡ್ಡಿ, ನಿನ್ನ ಎದೆಜೇಬು ಅವನ ಮೊಣಕಾಲಿಗೆ ಬರುತ್ತೆ. ಅದಕ್ಕೇ ನಿಮ್ಮತ್ತಿಗೆ ಹೆಗಲ ಮೇಲೆ ಹೊಲಿದಳು. ತಲೆ ಎತ್ತಿ ಓಡುವ ಕುದುರೆಯನ್ನು ನೋಡುವುದೇ ಒಂದು ಚೆಂದ. ತಪಾಸಣೆಯ ದಿನ ವೈದ್ಯರ ಮುಂದೆ ಹಾಗೇ ಓಡಿಸು.

ಅವನ ಕೋಣೆ ಖಾಲಿ ಇದೆ. ಬೆಳಿಗ್ಗೆ ಹುಲ್ಲು ಹಾಕುವಾಗ ಕೈ ತಾನಾಗಿ ಅಲ್ಲಿಗೂ ಒಂದು ಕಟ್ಟು ಎಸೆಯುತ್ತದೆ. ಯಜಮಾನರು ನೋಡಿ "ಏನಪ್ಪಾ, ಗಾಳಿಗೆ ಮೇವು ಹಾಕ್ತಿದೀಯಾ?" ಎಂದರು.

ಪ್ರತಿದಿನ ಬೆಳಿಗ್ಗೆ ಕೈಯ ಹಿಂಭಾಗದಿಂದ ನಾಲ್ಕೂ ಕಾಲು ಮುಟ್ಟಿ ನೋಡು. ಅಂಗೈ ಬೇಡ, ಅದಕ್ಕೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಏನೇ ಇದ್ದರೂ ಬರೆ. ಕಾಗದದಲ್ಲಿ ನಿನ್ನ ಮುಖ ಕಾಣುವುದಿಲ್ಲ ಎನ್ನುವುದೊಂದೇ ನನಗಿರುವ ಕಷ್ಟ. ಚಿಕ್ಕವಳಿದ್ದಾಗ ಸುಳ್ಳು ಹೇಳಬೇಕೆಂದರೆ ಗೋಡೆಯ ಕಡೆ ತಿರುಗಿ ಹೇಳುತ್ತಿದ್ದೆ, ನಿನ್ನ ತುಟಿ ನನಗೆ ಕಾಣಬಾರದೆಂದು. ಗೋಡೆಗೇನೇ ಹೇಳ್ತಿದೀಯ ಎಂದು ನಾನು ಕಿವಿ ಹಿಂಡುತ್ತಿದ್ದೆ. ಈಗ ಗೋಡೆ ಯಾವ ಕಡೆಗಿದೆ ಎಂದು ನನಗೆ ಹೇಗೆ ತಿಳಿಯಬೇಕು?

ಅಣ್ಣ


ಜೂನ್ ೨೩

ಅಣ್ಣಾ,

ಗೋಡೆ ನನ್ನ ಬೆನ್ನಿಗಿದೆ, ಸಾಕಾ?

ಅತ್ತಿಗೆ ಮತ್ತೆ ಕೇಳಿದ್ದಾರಂತೆ, ಮೂರು ದಿನ ಏನು ಮಾಡುತ್ತೀರಿ ಎಂದು. ಅತ್ತಿಗೇ, ಇದು ಕೊನೆಯ ಸಲ ಹೇಳುವುದು. ಮೊದಲನೇ ದಿನ ಅಂಗಳದಲ್ಲಿ ಅಚ್ಚುಕಟ್ಟಾದ ನಡಿಗೆ. ಎರಡನೇ ದಿನ ಬಯಲು, ಹಳ್ಳ, ಮರದ ದಿಮ್ಮಿ ದಾಟಿಕೊಂಡು ಆರು ಕಿಲೋಮೀಟರು ಓಟ. ಮೂರನೇ ದಿನ ಬಣ್ಣದ ಬೇಲಿಗಳನ್ನು ಹಾರುವುದು. ಮೊದಲು ಒಂದು ತಪಾಸಣೆ, ಮೂರನೇ ದಿನ ಬೆಳಿಗ್ಗೆ ಇನ್ನೊಂದು. ಕುಂಟಿದರೆ ಹೊರಗೆ. ಮೂರರಲ್ಲೂ ಕಡಿಮೆ ತಪ್ಪು ಮಾಡಿದವರಿಗೆ ಪದಕ. ನನಗೆ ಅಂತ ಬರೆದುಕೊಳ್ಳಿ.

ಅಣ್ಣಾ, ಒಂದು ಸಣ್ಣ ವಿಷಯ. ನಿನ್ನೆಯಿಂದ ಎಡ ಮುಂಗಾಲಿನ ಹಿಂಬದಿ, ಕೈಯ ಹಿಂಭಾಗ ಇಟ್ಟರೆ ಒಂಚೂರು ಬಿಸಿ. ಒಂಚೂರೇ. ತಣ್ಣೀರು ಬಿಟ್ಟು ಪಟ್ಟಿ ಕಟ್ಟಿದೆ. ನಮ್ಮ ತಂಡದ ಪಶುವೈದ್ಯರು "ಓಡಿಸಮ್ಮ ನೋಡೋಣ" ಎಂದರು. ಕೋಟು ಹಾಕಿಕೊಂಡು, ಕ್ಯಾರೆಟ್ ಸಿಕ್ಕಿಸಿಕೊಂಡು ಓಡಿಸಿದೆ. ಕತ್ತು ಎತ್ತಿ ಹೇಗೆ ಬಂದ ಅಂತೀಯಾ! "ಏನೂ ಇಲ್ಲ, ನೆಲ ಗಟ್ಟಿ ಇದೆ ಅಷ್ಟೆ" ಎಂದು ಹೇಳಿ ಹೋದರು. ಬೇರೆ ಲಾಯದವನೊಬ್ಬ ನಿನ್ನ ಕುದುರೆ ದಾರಿ ನೋಡಲ್ಲ, ನಿನ್ನ ಹೆಗಲು ನೋಡುತ್ತೆ ಎಂದು ನಕ್ಕ.

ಓಟಗಾರ್ತಿ ಇವತ್ತು ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದಳು. ಮಂಡಿ ನೋವು. ನಾಲ್ಕು ವರ್ಷದ ತಯಾರಿ ಅಣ್ಣಾ! ಕೋಚ್ ಎಷ್ಟು ಗೋಗರೆದರೂ "ನನ್ನಿಂದಾಗಲ್ಲ ಸರ್, ನೋಯುತ್ತೆ" ಎಂದು ಮುಖಕ್ಕೆ ಹೇಳಿದಳು. ಅತ್ತಳು, ಆದರೆ ಹೋದಳು. ನನಗೆ ಅವಳ ಮೇಲೆ ಸಿಟ್ಟೇ ಬಂತು. ಇಷ್ಟು ದೂರ ಬಂದು ಹಲ್ಲು ಕಚ್ಚಿಕೊಂಡು ಒಂದು ದಿನ ತಡೆಯಲು ಆಗಲಿಲ್ಲವೇ?

ಕೋಣೆಯಲ್ಲಿ ಈಗ ನಾನೊಬ್ಬಳೇ. ಬೇಗ ಬರೆ.

ಗಿಡ್ಡಿ


ಜುಲೈ ೩

ಗಿಡ್ಡೀ,

ಇದನ್ನು ಓದಿದ ತಕ್ಷಣ ಎದ್ದು ಲಾಯಕ್ಕೆ ಹೋಗು. ಉಳಿದದ್ದೆಲ್ಲ ಆಮೇಲೆ.

ನಿನ್ನ ಕಾಗದ ನಿನ್ನೆ ಬಂತು. ಒಂಚೂರು ಬಿಸಿ, ವೈದ್ಯರು ನೋಡಿದ್ದಾರೆ, ಸರಿ ಎಂದು ಸುಮ್ಮನಾಗಿದ್ದೆ. ಇವತ್ತು ಬೆಳಿಗ್ಗೆ ನಮ್ಮ ಮುದುಕಿ ಕುದುರೆ ಕುಂಟುತ್ತಾ ಹೊರಗೆ ಬಂದಳು. ಹೊಸ ಲಾಳದ ಮೊಳೆ ಒಳಗೆ ಚುಚ್ಚಿತ್ತು. ಲಾಳ ಕಟ್ಟುವವನನ್ನು ಕರೆಸಿದೆ. "ಒಂದ್ಸಲ ಓಡಿಸು, ಯಾವ ಕಾಲು ನೋಡ್ತೀನಿ" ಎಂದ. ಓಡಿಸಿದೆ. "ಇದಕ್ಕೇನಾಗಿದೆ? ನೆಟ್ಟಗೇ ಓಡ್ತಿದೆಯಲ್ಲ!" ಎಂದ. ನಾನೂ ನೋಡಿದೆ, ನೆಟ್ಟಗೇ ಇದ್ದಳು. ಆಗ ನನ್ನ ಎದೆಜೇಬಿನ ಕಡೆ ನನ್ನ ಕಣ್ಣು ಹೋಯಿತು. ಕ್ಯಾರೆಟ್ ತೆಗೆದು ಬಕೆಟ್ಟಿಗೆ ಹಾಕಿ ಮತ್ತೆ ಓಡಿಸಿದೆ. ಬಲಗಾಲು ಊರಿದಾಗಲೆಲ್ಲ ತಲೆ ಮೇಲೆ, ತಲೆ ಮೇಲೆ.

ನಿನಗೆ ಹೇಳಿಕೊಟ್ಟದ್ದು ನೆನಪಿದೆಯಾ? ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತದೆ. ಅದೇ ಅವುಗಳ ಅಯ್ಯೋ. ಬೇರೆ ಮಾತು ಅವಕ್ಕೆ ಬರುವುದಿಲ್ಲ. ನಾನು ಸಾಕಿದ ಕುದುರೆಗಳೆಲ್ಲ ಮೊದಲೇ ತಲೆ ಎತ್ತಿಕೊಂಡು, ಜೇಬಿನ ಮೇಲೆ ಕಣ್ಣಿಟ್ಟು ಓಡುತ್ತವೆ. ಎತ್ತಿದ ತಲೆಯನ್ನು ಇನ್ನೆಲ್ಲಿಗೆ ಎತ್ತಬೇಕು? ಚೆಂದ, ಚೆಂದ ಎಂದುಕೊಂಡು ಎಂಟು ವರ್ಷ ಅವನ ಬಾಯಿ ಮುಚ್ಚಿಸಿದ್ದೇನೆ. ಕಿವಿ ಇಲ್ಲದ ನನಗೆ ಇದು ಹೊಳೆಯಬೇಡವಾಗಿತ್ತಾ ಗಿಡ್ಡಿ?

ಜೇಬು ಖಾಲಿ ಮಾಡಿ, ಗಟ್ಟಿ ನೆಲದ ಮೇಲೆ ಓಡಿಸು. ಎಡಗಾಲು ನೋಡಬೇಡ, ತಲೆ ನೋಡು. ಎತ್ತಿದರೆ ಅಲ್ಲಿಗೆ ಮುಗಿಯಿತು. ವೈದ್ಯರಿಗೆ ಹೇಳಿ, ಅವನನ್ನು ಕರೆದುಕೊಂಡು ಮನೆಗೆ ಬಾ. ಪದಕ ಹಾಳಾಗಿ ಹೋಗಲಿ. ಎತ್ತದಿದ್ದರೆ ಈ ಮುದಿ ಅಣ್ಣನ ಹೆದರಿಕೆಗೆ ನಕ್ಕುಬಿಡು, ನಾನೂ ನಗುತ್ತೇನೆ.

ಅಣ್ಣ


ಜುಲೈ ೯

ಅಣ್ಣಾ, ಅತ್ತಿಗೇ,

ಮೊದಲ ತಪಾಸಣೆ ಪಾಸು! ಮೂವರು ವೈದ್ಯರು, ಮುಖ ಗಂಟು ಹಾಕಿಕೊಂಡು ನಿಂತಿದ್ದರು. ನಮ್ಮ ಮುಂದೆ ಹೋದ ಎರಡು ಕುದುರೆಗಳನ್ನು ಹೊರಗೆ ಹಾಕಿದರು. ಮೊಂಡ ಕತ್ತೆತ್ತಿ, ಹೆಗಲ ಜೇಬು ನೋಡುತ್ತಾ, ಮದುವೆ ಗಂಡಿನ ಹಾಗೆ ಬಂದ. ಒಬ್ಬ ವೈದ್ಯರಂತೂ ಚಪ್ಪಾಳೆ ತಟ್ಟಿಬಿಟ್ಟರು. ಕಾಲಿನ ಬಿಸಿ ಬರುತ್ತೆ, ಹೋಗುತ್ತೆ. ದಿನಾ ತಣ್ಣೀರು ಬಿಡುತ್ತಿದ್ದೇನೆ, ಯೋಚಿಸಬೇಡ.

ಹನ್ನೆರಡಕ್ಕೆ ಎಲ್ಲ ಮುಗಿಯುತ್ತದೆ. ಈ ಕಾಗದ ನಿಮ್ಮ ಕೈ ಸೇರುವಾಗ ನಿಮಗೆ ಫಲಿತಾಂಶ ಗೊತ್ತಿರುತ್ತದೆ, ನನಗೆ ಈಗ ಗೊತ್ತಿಲ್ಲ. ಎಂಥ ವಿಚಿತ್ರ ನೋಡಿ! ಅಲ್ಲಿಂದಲೇ ಒಂದು ಮಾತು ಹೇಳಿಬಿಡಿ.

ಗಿಡ್ಡಿ


ತಂತಿ. ಜುಲೈ ೧೨

ಮೊಂಡ ಹೋದ. ಹನ್ನೊಂದನೇ ಬೇಲಿ. ನನಗೇನೂ ಆಗಿಲ್ಲ.


ಜುಲೈ ೧೬

ಅಣ್ಣಾ,

ನಾಲ್ಕು ದಿನದಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ನಡಿಗೆ, ಬಯಲು ಓಟ ಎರಡೂ ಮುಗಿದಾಗ ನಾವು ಮೂರನೆಯವರು. ಹನ್ನೆರಡನೇ ತಾರೀಕು ಬೆಳಿಗ್ಗೆ ಎರಡನೇ ತಪಾಸಣೆ ಪಾಸಾಯಿತು. ಮಧ್ಯಾಹ್ನ ಬೇಲಿಗಳು. ಹತ್ತು ಬೇಲಿ ಒಂದೂ ಅಲುಗದೆ ದಾಟಿದ. ಹನ್ನೊಂದನೆಯದು ಎರಡು ಬೇಲಿ ಜೋಡಿಸಿದ್ದು, ನೀಲಿ ಬಿಳಿ ಬಣ್ಣ. ಚೆನ್ನಾಗಿಯೇ ಹಾರಿದ. ಇಳಿದಾಗ ಒಂದು ಸದ್ದಾಯಿತು. ನೀನು ಆ ಸದ್ದು ಕೇಳಲಾರೆ ಎನ್ನುವುದು ನನಗೆ ಈಗ ಒಂದು ಸಮಾಧಾನ. ನಾನು ಮರಳಿನಲ್ಲಿ ಉರುಳಿ ಎದ್ದು ನೋಡಿದರೆ ಅವನು ನಿಂತೇ ಇದ್ದ. ಮೂರು ಕಾಲಿನ ಮೇಲೆ. ಎಡಗಾಲು ಕೆಳಗಿನಿಂದ ತೂಗಾಡುತ್ತಿತ್ತು. ಓಡಲಿಲ್ಲ, ಕೂಗಲಿಲ್ಲ. ನಾನು ಹತ್ತಿರ ಹೋದದ್ದೇ ಮೂತಿ ತಂದು ನನ್ನ ಹೆಗಲ ಮೇಲಿಟ್ಟ.

ಸುತ್ತ ಹಸಿರು ಪರದೆ ಹಿಡಿದರು. ಇಪ್ಪತ್ತು ಸಾವಿರ ಜನ ಇದ್ದರಂತೆ, ಒಂದು ಕೆಮ್ಮು ಕೂಡ ಇಲ್ಲ. ವೈದ್ಯರು ಕೊನೆಯ ಸೂಜಿಮದ್ದು ತೆಗೆದು "ಹೊರಗೆ ಹೋಗಮ್ಮ" ಎಂದರು, ನಾನು ಹೋಗಲಿಲ್ಲ. ಅವನ ಕಿವಿ ಹಿಡಿದುಕೊಂಡಿದ್ದೆ. ಅಷ್ಟೇ ಅಣ್ಣಾ. ಅದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ.

ನಿನ್ನ ಮೂರನೇ ತಾರೀಕಿನ ಕಾಗದ ಇವತ್ತು ಕೈ ಸೇರಿತು. ಇವತ್ತು. ಓದಿ ನೆಲದ ಮೇಲೆ ಕೂತುಬಿಟ್ಟೆ.

ಇನ್ನೊಂದು ಮಾತು. ಇಲ್ಲಿ ದೊಡ್ಡ ಗದ್ದಲ ಎದ್ದಿದೆ. ಕುದುರೆ ಆಟಗಳು ಇಂಥ ಕೂಟದಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ಮಾಡಿದ್ದಾರೆ. ಪತ್ರಿಕೆಯವರು ಮುತ್ತಿಕೊಂಡಿದ್ದರು. ಅವನಿಗೆ ನೋವಿರಲಿಲ್ಲ, ಇದ್ದಿದ್ದರೆ ತೋರಿಸುತ್ತಿದ್ದ, ಇಷ್ಟಪಟ್ಟೇ ಓಡುತ್ತಿದ್ದ ಎಂದೆ. ಅವನನ್ನು ಮರಿಯಿಂದ ಸಾಕಿದವನು ನೀನು, ನಿನ್ನದೂ ಒಂದು ಹೇಳಿಕೆ ಬೇಕಂತೆ. ಅವನಿಗೆ ಓಟವೆಂದರೆ ಪ್ರಾಣ ಎಂದು ಬರೆದು ನನಗೆ ಕಳಿಸು. ಈ ಆಟ ನಿಂತರೆ ನಿನ್ನ ಕೆಲಸವೂ ಇಲ್ಲ, ನನ್ನದೂ ಇಲ್ಲ.

ಗಿಡ್ಡಿ


ಜುಲೈ ೨೭

ಗಿಡ್ಡೀ,

ನಿನ್ನ ತಂತಿ ಬಂದ ಆರನೇ ದಿನಕ್ಕೆ ನಿನ್ನ ಒಂಬತ್ತನೇ ತಾರೀಕಿನ ಕಾಗದ ಬಂತು. ಪಾಸು, ಮದುವೆ ಗಂಡಿನ ಹಾಗೆ ಬಂದ. ನಿಮ್ಮತ್ತಿಗೆ ಅದನ್ನು ಓದಿ ಒಲೆ ಆರಿಸಿ ಮಲಗಿದವಳು ಮಾರನೇ ದಿನ ಎದ್ದಳು.

ನೀನು ನಿನ್ನನ್ನು ಬೈದುಕೊಳ್ಳಬೇಡ. ತಪ್ಪು ನನ್ನದು. ಇದನ್ನು ಇವತ್ತು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮೂರನೇ ತಾರೀಕು ನಾನು ಅಂಚೆ ಕಚೇರಿಗೆ ಹೋದದ್ದು ಕಾಗದ ಹಾಕಲು ಅಲ್ಲ, ತಂತಿ ಕೊಡಲು. ನಾಲ್ಕು ಪದ ಸಾಕಿತ್ತು: ಜೇಬು ಖಾಲಿಮಾಡಿ ಓಡಿಸಿ ನೋಡು. ಫಾರಮ್ಮು ತುಂಬಿದೆ. ಆಮೇಲೆ ಯೋಚನೆ ಬಂತು, ತಂತಿ ಮೊದಲು ತಂಡದ ಕಚೇರಿಗೆ ಹೋಗುತ್ತದೆ, ನಾಲ್ಕು ಜನ ಓದುತ್ತಾರೆ, ಕುದುರೆಗೆ ಏನೋ ಇದೆ ಎಂದು ನಿನ್ನನ್ನು ಕೇಳದೆಯೇ ಹೊರಗೆ ಹಾಕಿಬಿಟ್ಟರೆ? ನೀನು ಎಂಟು ವರ್ಷ ದುಡಿದದ್ದು ನನ್ನ ಒಂದು ಸಂಶಯಕ್ಕೆ ನೀರುಪಾಲಾದರೆ? ಫಾರಮ್ಮು ಹರಿದು ಹಾಕಿ ಲಕೋಟೆ ಕೊಂಡೆ. ಯಾರೂ ಓದದಿರಲಿ ಎಂದು ಅಂಟು ಹಚ್ಚಿ ಎರಡು ಸಲ ಒತ್ತಿದೆ.

ತಂತಿ ಅವತ್ತೇ ಸಿಗುತ್ತಿತ್ತು. ಲಕೋಟೆ ಹದಿನಾರಕ್ಕೆ ಸಿಕ್ಕಿತು. ಪದಕ ಹಾಳಾಗಿ ಹೋಗಲಿ ಎಂದು ದೊಡ್ಡದಾಗಿ ಬರೆದವನೇ ನಾನು, ಪದಕಕ್ಕಾಗಿ ಲಕೋಟೆ ಕೊಂಡವನೂ ನಾನೇ. ಅವನನ್ನು ಕೊಂದದ್ದು ನಾನು ಗಿಡ್ಡಿ.

ಹೇಳಿಕೆ ಬರೆಯಲು ಇನ್ನೂ ಕೈ ಬಂದಿಲ್ಲ. ನೀನು ಊಟ ಮಾಡುತ್ತಿದ್ದೀಯಾ?

ಅಣ್ಣ


ಆಗಸ್ಟ್ ೯

ಗಿಡ್ಡೀ,

ನಿನ್ನೆ ಮೊಂಡನ ಪೆಟ್ಟಿಗೆ ಬಂತು. ಜೀನು, ಲಗಾಮು, ಪಟ್ಟಿಗಳು, ಅವನ ಬಾಚಣಿಗೆ. ಬಾಚಣಿಗೆಯಲ್ಲಿ ಕೂದಲು ಇದೆ. ಎಲ್ಲಕ್ಕಿಂತ ಕೆಳಗೆ ನಿನ್ನ ಕೋಟು. ತೊಳೆಯೋಣವೆಂದು ನಿಮ್ಮತ್ತಿಗೆ ಹೆಗಲ ಜೇಬಿಗೆ ಕೈ ಹಾಕಿದಳು. ಒಣಗಿದ ಕ್ಯಾರೆಟ್ ಚೂರು ಒಂದು. ಅದರ ಜೊತೆ ನಾಲ್ಕು ಮಡಿಕೆ ಮಾಡಿದ ನನ್ನ ಕಾಗದ.

ಮೂರನೇ ತಾರೀಕಿನದು. ಅದರ ಒಂದು ಮೂಲೆ ಇಲ್ಲ. ಉಳಿದ ಅಂಚಿನ ಮೇಲೆ ಹಲ್ಲಿನ ಗುರುತು, ಹಸಿರು ಜೊಲ್ಲಿನ ಕಲೆ. ಆ ಹಲ್ಲು ನನಗೆ ಗೊತ್ತು ಗಿಡ್ಡಿ. ನನ್ನ ಎಷ್ಟು ಅಂಗಿಗಳ ಮೇಲೆ ನೋಡಿಲ್ಲ! ಹನ್ನೆರಡನೇ ತಾರೀಕು ಮಧ್ಯಾಹ್ನ ಹೋದವನು ಹದಿನಾರಕ್ಕೆ ಬಂದ ಕಾಗದವನ್ನು ಹೇಗೆ ಕಚ್ಚಿದ?

ನಿಮ್ಮತ್ತಿಗೆ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಅವನ ಖಾಲಿ ಕೋಣೆಯಲ್ಲಿ ಕೂತೆ. ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ, ಬರಲಿಲ್ಲ ಎಂದರೂ ಸುಳ್ಳು. ನಿನ್ನನ್ನು ಎರಡು ವರ್ಷದ ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದ್ದೇನೆ. ಹನ್ನೆರಡು ದಿನ ನನ್ನನ್ನು ನಾನೇ ಕೊಲೆಗಾರ ಎಂದುಕೊಂಡು ಓಡಾಡಿದ್ದೇನೆ. ನನ್ನ ಆ ಕಾಗದ ಓದಿಯೂ ನಿನಗೆ ಒಂದು ಸಾಲಿನ ತಂತಿ ಕೊಡಲು ಆಗಲಿಲ್ಲವೇ? ಅದೇ ನನಗೆ ತಡೆಯಲಾಗದ್ದು.

ಹೇಳಿಕೆ ಬರೆದಿದ್ದೇನೆ. ಇದರ ಜೊತೆಗಿದೆ. ಇಲ್ಲಿಯೂ ನಕಲು ಮಾಡುತ್ತೇನೆ, ನೀನು ಓದದೆ ಬಿಡಬಾರದು:

"ನಾನು ಲಾಯದಾಳು. ಮೂವತ್ತು ವರ್ಷದಿಂದ ಕುದುರೆ ನೋಡಿಕೊಳ್ಳುತ್ತೇನೆ. ಈ ಕುದುರೆಗೆ ಓಟ ಇಷ್ಟವಿತ್ತೇ ಎಂದು ಕೇಳಿದ್ದೀರಿ. ಬೆಳಿಗ್ಗೆ ಬಾಗಿಲು ತೆಗೆದರೆ ತಾನೇ ಓಡುತ್ತಿದ್ದ, ಸಾಕೆನಿಸಿದಾಗ ತಾನೇ ನಿಲ್ಲುತ್ತಿದ್ದ. ಆ ಓಟ ಅವನಿಗೆ ಇಷ್ಟವಿತ್ತು. ನಿಮ್ಮ ಕೂಟದ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದು ಜೇಬು, ಅದರಲ್ಲಿ ಒಂದು ಕ್ಯಾರೆಟ್. ಕೂಟಕ್ಕೆ ಬಂದ ಬೇರೆ ಯಾರಿಗೇ ಆಗಲಿ, ಮಂಡಿ ನೋವಾದರೆ ಆಗಲ್ಲ ಎಂದು ಹೇಳಿ ಮನೆಗೆ ಹೋಗಬಹುದು. ಅವನೂ ಹೇಳುತ್ತಿದ್ದ, ತಲೆ ಎತ್ತಿ ಹೇಳುತ್ತಿದ್ದ. ಅದು ಯಾರಿಗೂ ಕಾಣದಂತೆ ಓಡುವುದನ್ನು ಕಲಿಸಿದವನು ನಾನು. ಪ್ರೀತಿಯಿಂದಲೇ ಕಲಿಸಿದೆ. ಗೊತ್ತಾದ ಮೇಲೂ ತಂತಿ ಕೊಡದೆ ಲಕೋಟೆ ಹಾಕಿದೆ. ಈ ಆಟ ನಿಲ್ಲಿಸಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ನನಗೆ ಬೇರೆ ಕೆಲಸ ಗೊತ್ತಿಲ್ಲ. ನಡೆಸಿ ಎಂದು ಬರೆಯಲೂ ಕೈ ಬರುವುದಿಲ್ಲ. ಅವನನ್ನು ಇಷ್ಟೊಂದು ಹಚ್ಚಿಕೊಂಡ ನಮ್ಮ ಮನೆಯಲ್ಲೇ ಅವನ ಮಾತು ನಡೆಯಲಿಲ್ಲ. ಇನ್ನು ಇಪ್ಪತ್ತು ಸಾವಿರ ಜನರ ನಡುವೆ ಯಾರು ಕೇಳುತ್ತಾರೆ, ನೀವೇ ಹೇಳಿ."

ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ. ನನ್ನ ಪಾಲಿನದು ನಾನು ಬರೆದೆ. ನಿನ್ನ ಪಾಲಿನದು ನೀನು ಬರೆದು ಸಮಿತಿಗೆ ಕೊಡು. ಬರೆಯದೆ ಕೊಟ್ಟರೂ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆಮೇಲೆ ಈ ಮನೆಯಲ್ಲಿ ನೀನು ಯಾವ ಗೋಡೆಯ ಕಡೆ ತಿರುಗಿ ಕೂರುತ್ತೀಯ?

ನಿಮ್ಮತ್ತಿಗೆ ನನ್ನ ಅಂಗಿಗಳ ಎದೆಜೇಬನ್ನೆಲ್ಲ ಬಿಚ್ಚಿ ಹಾಕಿದ್ದಾಳೆ. ಮುದುಕಿ ಬಂದು ಹೊಲಿಗೆಯ ಗುರುತನ್ನು ಮೂಸುತ್ತಾಳೆ.

ನನಗೆ ಹೇಳಬೇಕಾದ್ದನ್ನು ಮನೆಗೆ ಬಂದು ಹೇಳು. ನನ್ನ ಮುಖಕ್ಕೆ ಮುಖ ಕೊಟ್ಟು ಹೇಳು.

ಅಣ್ಣ


ಆಗಸ್ಟ್ ೨೦

ಅಣ್ಣಾ,

ಬಂದೇ ಹೇಳುತ್ತೇನೆ. ಆದರೆ ಮೊದಲು ಬರೆಯುತ್ತೇನೆ, ಯಾಕೆಂದರೆ ದಾರಿಯಲ್ಲಿ ನನ್ನ ಧೈರ್ಯ ಉಡುಗಿದರೆ ವಾಪಸ್ ತಿರುಗಲು ದಾರಿ ಇರಬಾರದು.

ಹನ್ನೆರಡನೇ ತಾರೀಕು ಬೆಳಿಗ್ಗೆ ಆರೂವರೆಗೆ ನಿನ್ನ ಕಾಗದ ಸಿಕ್ಕಿತು. ತಪಾಸಣೆ ಎಂಟಕ್ಕೆ. ಲಾಯದ ಮೆಟ್ಟಿಲ ಮೇಲೆ ಕೂತು ಓದಿದೆ. ನೀನು ಹೇಳಿದಂತೆಯೇ ಎದ್ದೆ. ಹುಲ್ಲಿನ ಕೊಟ್ಟಿಗೆಯ ಹಿಂದೆ ಯಾರೂ ಬರದ ಒಂದು ಕಾಂಕ್ರೀಟು ದಾರಿ ಇದೆ. ಜೇಬು ಖಾಲಿ ಮಾಡಿ ಅಲ್ಲಿ ಓಡಿಸಿದೆ. ಎಡಗಾಲು ನಾಲ್ಕು ಸಲ ನೆಲಕ್ಕೆ ಬಿತ್ತು. ನಾಲ್ಕು ಸಲವೂ ತಲೆ ಎತ್ತಿದ. ಬೇರೆಯವರ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ನೀನು ಬೆಳೆಸಿದವಳು ನಾನು, ನನಗೆ ಕಂಡಿತು.

ನಿಲ್ಲಿಸಿದೆ. ಅವನ ಕತ್ತು ತಬ್ಬಿಕೊಂಡು ನಿಂತೆ. ಮೂರನೇ ಸ್ಥಾನ ಅಣ್ಣಾ. ಇನ್ನೊಂದು ಮಧ್ಯಾಹ್ನ. ಇಷ್ಟು ಸಣ್ಣದು, ಸಂಜೆ ಐಸು ಕಟ್ಟಿದರೆ ಹೋಗುತ್ತೆ, ಮನೆಗೆ ಹೋದ ಮೇಲೆ ವರ್ಷಗಟ್ಟಲೆ ವಿಶ್ರಾಂತಿ ಕೊಡೋಣ ಎಂದು ಅವನ ಕಿವಿಯಲ್ಲೇ ಹೇಳಿದೆ. ಹಲ್ಲು ಕಚ್ಚಿಕೊಂಡು ಒಂದು ದಿನ ತಡೆದುಕೋ ಎಂದೆ. ಓಟಗಾರ್ತಿಯನ್ನು ಬೈದೆನಲ್ಲ, ಅದೇ ಮಾತು. ಅವಳಿಗಾದರೂ ಎದ್ದು ಹೋಗಲು ಬಾಗಿಲಿತ್ತು.

ನಿನ್ನ ಕಾಗದ ಮಡಿಸಿ ಹೆಗಲ ಜೇಬಿನಲ್ಲಿಟ್ಟೆ. ಅದರ ಮುಂದೆ ಕ್ಯಾರೆಟ್ ಸಿಕ್ಕಿಸಿದೆ. ಅವನು ಸಿಕ್ಕಿತಲ್ಲ ಎಂದು ಖುಷಿಯಿಂದ ಮೂತಿ ಹಾಕಿದ. ಕ್ಯಾರೆಟ್ಟಿನ ಜೊತೆ ಕಾಗದದ ಮೂಲೆಯೂ ಹೋಯಿತು. ನಾನು ನಕ್ಕೆ. ಆ ಹೊತ್ತಿನಲ್ಲೂ ನನಗೆ ನಗು ಬಂತು, ಅದನ್ನೂ ನಿನಗೆ ಹೇಳಬೇಕು. ಇನ್ನೊಂದು ಕ್ಯಾರೆಟ್ ಸಿಕ್ಕಿಸಿದೆ, ವೈದ್ಯರ ಮುಂದೆ ಕತ್ತೆತ್ತಿ ಓಡಿದ. ನಿನಗೆ ಗೊತ್ತಲ್ಲ ಅವನು ಹೇಗೆ ಓಡುತ್ತಿದ್ದ ಎಂದು.

ಪರದೆ ಹಿಡಿಯುವ ಮೊದಲು ಮೂತಿ ತಂದು ನನ್ನ ಹೆಗಲ ಮೇಲಿಟ್ಟ ಎಂದು ಬರೆದಿದ್ದೆ. ನನ್ನನ್ನು ಸಮಾಧಾನ ಮಾಡಲು ಎಂದು ಎಲ್ಲರೂ ಅಂದುಕೊಂಡರು, ಪತ್ರಿಕೆಯಲ್ಲಿ ಚಿತ್ರವೂ ಬಂತು. ಅಲ್ಲ ಅಣ್ಣಾ. ಸವಾರಿಯ ಕೋಟಿಗೆ ಹೆಗಲ ಮೇಲೆ ಜೇಬಿಲ್ಲ. ಅವನು ಜೇಬು ಹುಡುಕುತ್ತಿದ್ದ. ಮೂರು ಕಾಲಿನ ಮೇಲೆ ನಿಂತು ಹುಡುಕಿದ. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ.

ಹದಿನಾರಕ್ಕೆ ಕಾಗದ ಬಂತು ಎಂದು ನಿನಗೆ ಬರೆದದ್ದು ಭಯದಿಂದ. ನಿನ್ನ ಲಕೋಟೆಯ ಕಥೆ ಓದಿದ ದಿನ ನಿಜ ಬರೆಯಲು ಕೂತೆ, ಮೂರು ಹಾಳೆ ಹರಿದೆ. ಕೋಟಿನಲ್ಲಿ ಕಾಗದ ಇದೆ ಎನ್ನುವುದು ಮರೆತೇ ಹೋಗಿತ್ತು. ನಿನಗೆ ತಿಳಿಯಲಿ ಎಂದು ಬೇಕೆಂದೇ ಬಿಟ್ಟೆ ಎಂದರೆ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತೇನೆ, ಆದರೆ ಅದೂ ಸುಳ್ಳು. ನಿನ್ನ ಲಕೋಟೆ ಹೊತ್ತಿಗೆ ಸರಿಯಾಗಿಯೇ ಬಂತು. ನೀನು ಕೊಲ್ಲಲಿಲ್ಲ.

ನೀನು ಬಿಟ್ಟ ಜಾಗದಲ್ಲಿ ಬರೆದೆ: "ಕುದುರೆ ಹೇಳಿತು. ನಾನು ನೋಡಿದೆ. ಆದರೂ ಹತ್ತಿದೆ." ಸಹಿ ಹಾಕಿ ಇವತ್ತು ಬೆಳಿಗ್ಗೆ ಸಮಿತಿಗೆ ಕೊಟ್ಟು ಬಂದೆ. ಅಲ್ಲಿದ್ದ ಹಿರಿಯರೊಬ್ಬರು ಓದಿ ಕನ್ನಡಕ ತೆಗೆದಿಟ್ಟು, "ಇದರ ಅರ್ಥ ಗೊತ್ತೇನಮ್ಮಾ? ಇನ್ನು ನೀನು ಎಲ್ಲೂ ಸವಾರಿ ಮಾಡೋ ಹಾಗಿಲ್ಲ" ಎಂದರು. ಗೊತ್ತು ಎಂದೆ.

ಮೂವತ್ತೊಂದರ ಬೆಳಗಿನ ರೈಲಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ. ಲಾಯದಲ್ಲೇ ಇರು, ಅವನ ಕೋಣೆಯ ಮುಂದೆ. ಅಲ್ಲಿ ಹತ್ತು ಗಂಟೆಯವರೆಗೂ ಬಿಸಿಲು ಬೀಳುತ್ತದೆ. ನಾನು ಬಿಸಿಲಿನಲ್ಲಿ ನಿಂತು ಹೇಳುತ್ತೇನೆ, ನಿಧಾನವಾಗಿ, ನಿನಗೆ ಒಂದೊಂದು ಮಾತೂ ಕಾಣುವ ಹಾಗೆ.

ಗಿಡ್ಡಿ